ರಾಣಿಯ ಬೆನ್ನಿನ ಕೂದಲು: ಬ್ಲೂ ಡಾಬರ್‌ಮನ್ ಮರಿಯ ಒಂದು ಪ್ರಕರಣ ಅಧ್ಯಯನ

ರಾಣಿ ಎಂಟು ತಿಂಗಳ ಹೆಣ್ಣು ಡಾಬರ್‌ಮನ್. ಮೈಬಣ್ಣ ನಾಯಿ ಸಾಕುವವರು ಬ್ಲೂ ಅನ್ನುವ ಬೂದುಗಪ್ಪು. ಹುಬ್ಬಿನ ಮೇಲೆ, ಮೂತಿಯ ಎರಡೂ ಪಕ್ಕ, ಎದೆ ಮತ್ತು ಕಾಲುಗಳಲ್ಲಿ ಕಂದು ಮಚ್ಚೆ. ಮನೆಗೆ ಬಂದಾಗ ಮೈತುಂಬ ಕೂದಲಿತ್ತು. ಐದನೇ ತಿಂಗಳಲ್ಲಿ ಬೆನ್ನಿನ ಮೇಲೆ ಹೊಟ್ಟು ಶುರುವಾಯಿತು. ಆರನೇ ತಿಂಗಳಲ್ಲಿ ಕೂದಲು ತೆಳುವಾಯಿತು. ದಾವಣಗೆರೆಯಲ್ಲಿರುವ ನನ್ನ ಕ್ಲಿನಿಕ್‌ಗೆ ಬರುವ ಹೊತ್ತಿಗೆ ಭುಜದಿಂದ ಬಾಲದ ಬುಡದವರೆಗೂ ಚರ್ಮ ಕಾಣುತ್ತಿತ್ತು.

ಕರೆದುಕೊಂಡು ಬಂದವರು ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಕಾಲೇಜಿಗೆ ಹೋಗುವ ಅವರ ಮಗಳು. ಮಗಳ ಕೈಯಲ್ಲಿ ಬಿಲ್ಲುಗಳ ಒಂದು ಫೈಲ್ ಇತ್ತು. ಮೊದಲು ಹುಳುಕಡ್ಡಿ ಅಂತ ಮಾತ್ರೆ ಕೊಡಿಸಿದ್ದರು. ಅದು ಆಗಲಿಲ್ಲ ಅಂತ ಕಜ್ಜಿಯ ಇಂಜೆಕ್ಷನ್. ಆಮೇಲೆ ಅಲರ್ಜಿ ಇರಬಹುದು ಅಂತ ಸ್ಟೆರಾಯ್ಡ್. ಇದ್ಯಾವುದೂ ಕೆಲಸ ಮಾಡದಿದ್ದಾಗ ಪರಿಚಯದವರೊಬ್ಬರ ಮಾತು ಕೇಳಿ ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಹಚ್ಚಿದ್ದರು.

ಎಂಜಿನ್ ಆಯಿಲ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾಯಿಗೆ ಕಜ್ಜಿ ಆದರೆ ಇದನ್ನು ಹಚ್ಚುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಅದರಲ್ಲಿ ಲೋಹದ ಅಂಶ ಇರುತ್ತದೆ, ಚರ್ಮ ಸುಡುವ ರಾಸಾಯನಿಕ ಇರುತ್ತದೆ. ನಾಯಿ ಮೈ ನೆಕ್ಕುತ್ತದೆ, ಅದೆಲ್ಲ ಹೊಟ್ಟೆಗೆ ಹೋಗುತ್ತದೆ. ದಯವಿಟ್ಟು ಯಾವ ಚರ್ಮರೋಗಕ್ಕೂ ಇದನ್ನು ಹಚ್ಚಬೇಡಿ. ರಾಣಿಯ ಬೆನ್ನಿನ ಮೇಲೆ ಕೆಂಪಗೆ ಸುಟ್ಟ ಗುರುತುಗಳಿದ್ದವು. ಅವು ಅವಳ ಮೂಲ ಕಾಯಿಲೆಯದ್ದಲ್ಲ, ಎಣ್ಣೆ ಮಾಡಿದ ಗಾಯ.

ಮೇಜಿನ ಮೇಲೆ ಕಂಡದ್ದು

ನಾನು ಕೇಳಿದ ಮೊದಲ ಪ್ರಶ್ನೆ: "ಕೂದಲು ಮೊದಲು ಉದುರಿತಾ, ಕೆರೆತ ಮೊದಲು ಶುರುವಾಯ್ತಾ?"

ಮಗಳು ಯೋಚಿಸಿ ಹೇಳಿದಳು: "ಕೂದಲು ಸರ್. ಅವಳು ಕೆರ್ಕೊಳ್ಳೋಕೆ ಶುರು ಮಾಡಿದ್ದು ಗುಳ್ಳೆ ಬಂದಮೇಲೆ."

ಈ ಉತ್ತರದಿಂದ ಅರ್ಧ ದಾರಿ ಸಿಕ್ಕಿತು. ಅಲರ್ಜಿ, ಚಿಗಟ, ಕಜ್ಜಿಹುಳ ಇದ್ದರೆ ಸಾಮಾನ್ಯವಾಗಿ ನಾಯಿ ಮೊದಲು ಕೆರೆದುಕೊಳ್ಳುತ್ತದೆ, ಕೂದಲು ಆಮೇಲೆ ಹೋಗುತ್ತದೆ. ಇಲ್ಲಿ ಕ್ರಮ ತಿರುಗುಮುರುಗು ಇತ್ತು.

ಇನ್ನರ್ಧ ದಾರಿ ಕಣ್ಣಿಗೇ ಕಾಣುತ್ತಿತ್ತು. ರಾಣಿಯ ಕಂದು ಮಚ್ಚೆಗಳಲ್ಲಿ ಒಂದು ಕೂದಲೂ ಹೋಗಿರಲಿಲ್ಲ. ಹಿಂಗಾಲಿನಲ್ಲಿ ಬ್ಲೂ ಬಣ್ಣ ಮುಗಿದು ಕಂದು ಶುರುವಾಗುವ ಗೆರೆ ಇದೆಯಲ್ಲ, ಅಲ್ಲಿ ನೋಡಬೇಕಿತ್ತು. ಗೆರೆಯ ಮೇಲೆ ಕೂದಲು ಮೋಟು ಮೋಟಾಗಿ, ಒರಟಾಗಿ ನಿಂತಿತ್ತು. ಗೆರೆಯ ಕೆಳಗೆ ನಯವಾಗಿ, ಹೊಳಪಾಗಿ ಮಲಗಿತ್ತು. ಎರಡೂ ಒಂದೇ ಚರ್ಮ, ನಡುವೆ ಒಂದು ಬೆರಳಿನಷ್ಟು ಅಂತರ. ಹುಳ ಆಗಲಿ, ಫಂಗಸ್ ಆಗಲಿ, ಥೈರಾಯ್ಡ್ ಆಗಲಿ ಬಣ್ಣ ನೋಡಿ ಕೂದಲು ಉದುರಿಸುವುದಿಲ್ಲ. ಬಣ್ಣದ ಗಡಿಯಲ್ಲೇ ಕಾಯಿಲೆ ನಿಂತಿದೆ ಅಂದರೆ ಕಾರಣ ಬಣ್ಣದಲ್ಲೇ ಇದೆ.

ಉಳಿದಂತೆ ರಾಣಿ ಗಟ್ಟಿಯಾಗಿದ್ದಳು. ಊಟ ಚೆನ್ನಾಗಿತ್ತು, ತೂಕ ವಯಸ್ಸಿಗೆ ಸರಿಯಾಗಿತ್ತು, ಜ್ವರ ಇರಲಿಲ್ಲ. ಬೆನ್ನಿನ ಮೇಲೆ ಸಣ್ಣ ಕೀವುಗುಳ್ಳೆ ಮತ್ತು ಜಾಸ್ತಿ ಹೊಟ್ಟು ಇತ್ತು.

ಅನುಮಾನ ಬಂದ ಮಾತ್ರಕ್ಕೆ ಹೆಸರು ಕೊಡುವಂತಿಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಬೇಕು. ಡಾಬರ್‌ಮನ್ ಮರಿಗಳಲ್ಲಿ ಡೆಮೋಡೆಕ್ಸ್ ಹುಳದ ಕಜ್ಜಿ ಅಪರೂಪವಲ್ಲ. ಹಾಗಾಗಿ ಹಲವು ಕಡೆ ರಕ್ತ ಜಿನುಗುವಷ್ಟು ಆಳಕ್ಕೆ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದು ಹುಳವೂ ಸಿಗಲಿಲ್ಲ. ಫಂಗಸ್ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಈ ತಳಿಯಲ್ಲಿ ಥೈರಾಯ್ಡ್ ಕೊರತೆ ಸಾಕಷ್ಟು ಕಾಣುತ್ತದೆ. ಆದರೆ ಅದು ಸಾಮಾನ್ಯವಾಗಿ ನಡುವಯಸ್ಸಿನ ಕಾಯಿಲೆ, ಎಂಟು ತಿಂಗಳಿಗೆ ಬರುವುದು ಕಷ್ಟ. ಆದರೂ ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿಯಾಗಿತ್ತು. ಕೀವುಗುಳ್ಳೆಯಿಂದ ತೆಗೆದ ಸ್ಲೈಡಿನಲ್ಲಿ ಮಾತ್ರ ದುಂಡು ಬ್ಯಾಕ್ಟೀರಿಯಾ ಗುಂಪುಗುಂಪಾಗಿ ಇದ್ದವು. ಕೆರೆತಕ್ಕೆ ಕಾರಣ ಇವೇ. ಆದರೆ ಇವು ಆಮೇಲೆ ಬಂದು ಸೇರಿಕೊಂಡವು.

ಒಂದು ಕೂದಲು

ಈ ಪ್ರಕರಣದಲ್ಲಿ ಅತಿ ಹೆಚ್ಚು ವಿಷಯ ಹೇಳಿದ್ದು ಅತಿ ಅಗ್ಗದ ಪರೀಕ್ಷೆ. ಚಿಮುಟದಿಂದ ನಾಲ್ಕು ಕೂದಲು ಕಿತ್ತು, ಗಾಜಿನ ಮೇಲೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಹಾಕಿ, ಮೇಲೆ ಕವರ್‌ಸ್ಲಿಪ್ ಇಟ್ಟು ನೋಡುವುದು. ಅಷ್ಟೇ.

ಮೊದಲು ಕಂದು ಮಚ್ಚೆಯ ಕೂದಲು ಇಟ್ಟೆ. ಬುಡದಿಂದ ತುದಿವರೆಗೆ ಒಂದೇ ದಪ್ಪ, ಬಣ್ಣ ಸಮನಾಗಿ ಹರಡಿತ್ತು, ಹೊರ ಅಂಚು ನೇರ. ಆಮೇಲೆ ಬೆನ್ನಿನ ಕೂದಲು. ಒಳಗೆ ಅಲ್ಲಲ್ಲಿ ಕಪ್ಪು ಉಂಡೆಗಳು, ನಡುನಡುವೆ ಬಣ್ಣವೇ ಇಲ್ಲದ ಖಾಲಿ ಜಾಗ. ಕೆಲವು ಉಂಡೆಗಳು ಎಷ್ಟು ದೊಡ್ಡವು ಅಂದರೆ ಕೂದಲಿನ ಪಕ್ಕ ಉಬ್ಬಿ ಹೊರಗೆ ಬಂದಿತ್ತು. ಹೊರಗಿನ ಪದರ ಅಲ್ಲಿ ಬಿರುಕು ಬಿಟ್ಟಿತ್ತು. ಎರಡು ಕೂದಲು ಸರಿಯಾಗಿ ಉಂಡೆ ಇದ್ದ ಕಡೆಯೇ ತುಂಡಾಗಿದ್ದವು. ಮಗಳನ್ನೂ ಮೇಷ್ಟ್ರನ್ನೂ ಕರೆದು ತೋರಿಸಿದೆ. ಮೇಷ್ಟ್ರು ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. "ಹಂಗಾದ್ರೆ ಇದು ಉದುರ್ತಾ ಇಲ್ಲ ಡಾಕ್ಟ್ರೇ, ಮುರೀತಾ ಇದೆ" ಅಂದರು. ಶುರುವಿನ ಹಂತಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಇಲ್ಲ. ಮೊದಲು ಕೂದಲು ಮುರಿಯುತ್ತದೆ. ಕಾಲ ಕಳೆದಂತೆ ಕೂದಲಿನ ಬುಡದ ಚೀಲಗಳೂ ಹಾಳಾಗುತ್ತವೆ, ಹೊಸ ಕೂದಲು ಬರುವುದೇ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬ್ಲೂ ಬಣ್ಣದ ಯಾವ ಆರೋಗ್ಯವಂತ ನಾಯಿಯ ಕೂದಲಲ್ಲೂ ಇಂಥ ಉಂಡೆಗಳು ಸ್ವಲ್ಪ ಮಟ್ಟಿಗೆ ಇರುತ್ತವೆ. ಉಂಡೆ ಕಂಡ ಕೂಡಲೇ ಕಾಯಿಲೆ ಅನ್ನಬಾರದು. ಉಂಡೆ, ಬಿರುಕು, ಮುರಿದ ತುದಿ ಮತ್ತು ಬ್ಲೂ ಭಾಗದಲ್ಲೇ ಕೂದಲು ಹೋಗಿರುವುದು, ನಾಲ್ಕೂ ಒಟ್ಟಿಗೆ ಇದ್ದರೆ ಮಾತ್ರ ಬಣ್ಣದಿಂದ ಬರುವ ಕೂದಲಿನ ಕಾಯಿಲೆಯ ಕಡೆ ಬೆರಳು ತೋರಿಸಬಹುದು.

ಖಚಿತ ಮಾಡಿಕೊಳ್ಳಲು ಚರ್ಮದ ಬಯಾಪ್ಸಿ ಮಾಡೋಣ ಅಂದೆ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇತ್ತು. ಡಾಬರ್‌ಮನ್‌ಗಳಲ್ಲಿ ವಾನ್ ವಿಲ್ಲೆಬ್ರಾಂಡ್ ಅನ್ನುವ ರಕ್ತಸ್ರಾವದ ತೊಂದರೆ ಮಾಮೂಲಿ. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲದೇ ಇರಬಹುದು. ಈ ತಳಿಯ ನಾಯಿಗೆ ಚಾಕು ಹಾಕುವ ಮುಂಚೆ ತುಟಿಯ ಒಳಗೆ ಸಣ್ಣ ಗೀರು ಹಾಕಿ, ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ನೋಡಿಕೊಳ್ಳುವುದು ಒಳ್ಳೆಯದು. ರಾಣಿಗೆ ಮೂರು ನಿಮಿಷದ ಒಳಗೆ ನಿಂತಿತು. ಜಾಗ ಮರಗಟ್ಟಿಸಿ ಪಂಚ್ ಅನ್ನುವ 6 ಮಿಲಿಮೀಟರ್ ದುಂಡು ಬ್ಲೇಡಿನಿಂದ ಬೆನ್ನಿನ ಎರಡು ಕಡೆ ಚರ್ಮ ತೆಗೆದು ಪಶುವೈದ್ಯ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಕಳಿಸಿದೆ. ವರದಿ ಬಂತು: ಕೂದಲಿನ ಚೀಲಗಳು ಹಿಗ್ಗಿ ಕೆರಾಟಿನ್ (ಕೂದಲು, ಚರ್ಮದ ಗಟ್ಟಿ ಪ್ರೋಟೀನ್) ತುಂಬಿಕೊಂಡಿವೆ, ಚೀಲದ ಒಳಗೂ ಬುಡದ ಸುತ್ತಲೂ ಬಣ್ಣ ಕೊಡುವ ಮೆಲನಿನ್ ಉಂಡೆಗಳಿವೆ. ಕಲರ್ ಡೈಲ್ಯೂಷನ್ ಅಲೋಪೇಶಿಯಾ, ಅಂದರೆ ಬಣ್ಣ ತೆಳುವಾದ ನಾಯಿಗಳಲ್ಲಿ ಕಾಣುವ ಕೂದಲು ನಷ್ಟ. ಮೊದಮೊದಲು ಇದನ್ನು ಬ್ಲೂ ಡಾಬರ್‌ಮನ್ ಸಿಂಡ್ರೋಮ್ ಅಂತಲೇ ಕರೆಯುತ್ತಿದ್ದರು. ಈ ತಳಿಯಲ್ಲಿ ಅಷ್ಟು ಹೆಚ್ಚು.

"ಅಪ್ಪ ಅಮ್ಮ ಎರಡೂ ಕಪ್ಪು"

ಮೇಷ್ಟ್ರ ಮನಸ್ಸಿನಲ್ಲಿ ಇದ್ದ ಪ್ರಶ್ನೆ ಬೇರೆ. "ಡಾಕ್ಟ್ರೇ, ಇದರ ಅಪ್ಪ ಅಮ್ಮ ಎರಡನ್ನೂ ನಾನೇ ನೋಡಿದ್ದೀನಿ. ಎರಡೂ ಕಪ್ಪು. ಪಕ್ಕದ ಮನೆಯವರು ಇದು ಕ್ರಾಸ್ ಮರಿ, ಮೋಸ ಹೋದ್ರಿ ಅಂತಾರೆ."

ಕ್ರಾಸ್ ಅಲ್ಲ. ನಾಯಿಯ 25ನೇ ಕ್ರೋಮೋಸೋಮ್‌ನಲ್ಲಿ ಎಂಎಲ್‌ಪಿಎಚ್ ಅನ್ನುವ ಜೀನ್ ಇದೆ. ಅದು ಮೆಲನೋಫಿಲಿನ್ ಅನ್ನುವ ಪ್ರೋಟೀನನ್ನು ಮಾಡಿಸುತ್ತದೆ. ಬಣ್ಣದ ಜೀವಕೋಶದ ಒಳಗೆ ಮೆಲನಿನ್ ಸಣ್ಣ ಸಣ್ಣ ಚೀಲಗಳಲ್ಲಿ ತಯಾರಾಗುತ್ತದೆ. ಅವು ಜೀವಕೋಶದ ಅಂಚಿಗೆ ಹೋಗಿ ಅಲ್ಲಿಂದ ಕೂದಲಿಗೆ ಸೇರಬೇಕು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಮೂಟೆ ಹೊರುವುದನ್ನು ನೆನೆಸಿಕೊಳ್ಳಿ. ಹೊತ್ತು ನಡೆಯುವ ಹಮಾಲ ಮಯೋಸಿನ್ 5ಎ. ಮೂಟೆಗೆ ಕಟ್ಟಿರುವ ಹಗ್ಗ ರ‍್ಯಾಬ್ 27ಎ. ಹಗ್ಗಕ್ಕೆ ಸಿಕ್ಕಿಸಿ ಎಳೆಯುವ ಕೊಕ್ಕೆ ಮೆಲನೋಫಿಲಿನ್. ಕೊಕ್ಕೆ ಸಾಕಷ್ಟು ಇಲ್ಲದಿದ್ದರೆ ಮೂಟೆಗಳು ಒಂದೇ ಕಡೆ ರಾಶಿ ಬೀಳುತ್ತವೆ. ಆಮೇಲೆ ರಾಶಿಯೇ ಕೂದಲಿಗೆ ಹೋಗುತ್ತದೆ. ಬಣ್ಣ ಕಡಿಮೆ ಇಲ್ಲ, ಹಂಚಿಕೆ ಕೆಟ್ಟಿದೆ. ಬಣ್ಣ ಉಂಡೆ ಕಟ್ಟಿ ನಡುವೆ ಖಾಲಿ ಜಾಗ ಬಿಟ್ಟಿರುವುದರಿಂದ ಕಪ್ಪು ನಾಯಿ ನಮ್ಮ ಕಣ್ಣಿಗೆ ಬೂದುಗಪ್ಪಾಗಿ ಕಾಣುತ್ತದೆ. ಕಂದು ನಾಯಿಯಲ್ಲಿ ಇದೇ ಆದರೆ ಇಸಬೆಲ್ಲಾ ಅನ್ನುವ ತಿಳಿ ಬಣ್ಣ ಬರುತ್ತದೆ. ಮಚ್ಚೆಯ ಕೆಂಗಂದು ಬಣ್ಣವೂ ಸ್ವಲ್ಪ ತೆಳುವಾಗುತ್ತದೆ, ಆದರೆ ಅಲ್ಲಿ ಕೂದಲು ಮುರಿಯುವಂಥ ಉಂಡೆ ಆಗುವುದಿಲ್ಲ.

ಈ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ವಿಜ್ಞಾನಿಗಳು 2007ರಲ್ಲಿ ಪತ್ತೆ ಮಾಡಿದರು. ಅದಕ್ಕೆ ಡಿ1 ಅಂತ ಹೆಸರು. ಆಮೇಲೆ ಚೌಚೌ, ಥಾಯ್ ರಿಜ್‌ಬ್ಯಾಕ್ ಮುಂತಾದ ತಳಿಗಳಲ್ಲಿ ಡಿ2, ಚಿವಾವಾ ಮುಂತಾದವುಗಳಲ್ಲಿ ಡಿ3 ಸಿಕ್ಕವು. ಲ್ಯಾಬ್ ಡಿ1 ಮಾತ್ರ ನೋಡಿದರೆ ಆ ತಳಿಗಳಲ್ಲಿ ಉತ್ತರ ತಪ್ಪಬಹುದು, ಮೊದಲೇ ಕೇಳಿಕೊಳ್ಳಿ.

ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿ ನಾಯಿಗೂ ಈ ಜೀನಿನ ಎರಡು ಪ್ರತಿ ಬರುತ್ತವೆ. ಸರಿಯಾದದ್ದು ದೊಡ್ಡ ಡಿ, ಬದಲಾದದ್ದು ಸಣ್ಣ ಡಿ. ಒಂದು ದೊಡ್ಡ ಡಿ ಇದ್ದರೂ ಸಾಕು, ನಾಯಿ ಕಪ್ಪಗೇ ಇರುತ್ತದೆ. ಎರಡೂ ಸಣ್ಣ ಡಿ ಆದಾಗ ಮಾತ್ರ ಬ್ಲೂ. ರಾಣಿಯ ಅಪ್ಪ ಅಮ್ಮ ಇಬ್ಬರ ಹತ್ತಿರವೂ ಒಂದೊಂದು ಸಣ್ಣ ಡಿ ಒಳಗೇ ಅಡಗಿತ್ತು.

ಮೇಷ್ಟ್ರು ಗಣಿತ ಹೇಳಿಕೊಟ್ಟವರು. ಚೀಟಿಯ ಹಿಂದೆ ತಾವೇ ನಾಲ್ಕು ಮನೆ ಬರೆದರು. ಒಂದು ಮನೆಯಲ್ಲಿ ಎರಡೂ ದೊಡ್ಡದು, ಎರಡು ಮನೆಯಲ್ಲಿ ಒಂದೊಂದು, ಒಂದರಲ್ಲಿ ಎರಡೂ ಸಣ್ಣದು. "ಕಾಲು ಭಾಗ ಬ್ಲೂ. ಆದ್ರೆ ಎಂಟರಲ್ಲಿ ಮೂರು ಬಂದಿದ್ವಲ್ಲ?" ಅಂದರು. ಕಾಲು ಭಾಗ ಅನ್ನುವುದು ಪ್ರತಿ ಮರಿಯ ಸಾಧ್ಯತೆ. ಎಂಟು ಮರಿಯಲ್ಲಿ ಎರಡೇ ಬರಬೇಕು ಅಂತೇನಿಲ್ಲ, ಒಂದೂ ಬರದೇ ಇರಬಹುದು, ಮೂರೂ ಬರಬಹುದು. ಆಮೇಲೆ ಅವರೇ ಇನ್ನೊಂದು ಲೆಕ್ಕ ಹಾಕಿದರು: "ಹಂಗಾದ್ರೆ ಉಳಿದ ಕಪ್ಪು ಮರಿಗಳಲ್ಲಿ ಮೂರರಲ್ಲಿ ಎರಡು ಪಾಲು ಇದನ್ನ ಒಳಗೇ ಇಟ್ಕೊಂಡಿರ್ತಾವೆ."

ಹೌದು. ನನಗೆ ಆತಂಕ ಇರುವುದು ಅಲ್ಲೇ. ಬ್ಲೂ ನಾಯಿಯ ಬಣ್ಣ ಹುಟ್ಟಿದ ದಿನವೇ ಕಣ್ಣಿಗೆ ಕಾಣುತ್ತದೆ. ಅದಕ್ಕೆ ದುಡ್ಡು ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಮಗಳು ರಾಣಿಗೆ ಪರೀಕ್ಷೆ ಮಾಡಿಸೋಣ ಅಂದಾಗ ನಾನು ಬೇಡ ಅಂದೆ. ಪರೀಕ್ಷೆ ಮಾಡಿಸಬೇಕಾದ್ದು ಕಪ್ಪು ಅಣ್ಣತಮ್ಮಂದಿರಿಗೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಆಯಿತು.

"ಒಳಗಿನ ಅಂಗಾಂಗಕ್ಕೆ ಏನಾದ್ರೂ ಆಗುತ್ತಾ?" ಅಂತ ಮಗಳು ಹೆದರಿ ಕೇಳಿದಳು. ಈ ಹೆದರಿಕೆಗೆ ನೆಟ್ಟಗೆ ಉತ್ತರ ಇದೆ. ಮನುಷ್ಯರಲ್ಲಿ ಗ್ರಿಸೆಲ್ಲಿ ಸಿಂಡ್ರೋಮ್ ಅಂತ ಅಪರೂಪದ ಕಾಯಿಲೆ ಇದೆ, ಕೂದಲು ಬೆಳ್ಳಿ ಬಣ್ಣಕ್ಕೆ ತಿರುಗಿರುತ್ತದೆ. ಮೇಲೆ ಹೇಳಿದ ಮೂರರಲ್ಲಿ ಮಯೋಸಿನ್ ಕೆಟ್ಟರೆ ನರಗಳ ತೊಂದರೆ ಬರುತ್ತದೆ. ರ‍್ಯಾಬ್ ಕೆಟ್ಟರೆ ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಮೆಲನೋಫಿಲಿನ್ ಕೆಟ್ಟವರಿಗೆ ಬಣ್ಣ ಬಿಟ್ಟರೆ ಬೇರೆ ತೊಂದರೆ ಇಲ್ಲ. ನಾಯಿಯಲ್ಲೂ ಹಾಗೆಯೇ. ರಾಣಿಯ ಹೃದಯಕ್ಕೋ ಕಿಡ್ನಿಗೋ ಇದರಿಂದ ಏನೂ ಆಗುವುದಿಲ್ಲ. ಆಯಸ್ಸೂ ಕಡಿಮೆ ಆಗುವುದಿಲ್ಲ.

ಹಾಗಾದರೆ ಬ್ಲೂ ಅಂದರೆ ಕಾಯಿಲೆಯೇ?

ಅಲ್ಲ. ವೈಮರಾನರ್ ತಳಿಯನ್ನು ನೋಡಿ. ಆ ತಳಿಯ ನಾಯಿಗಳೆಲ್ಲ ಎರಡು ಸಣ್ಣ ಡಿ ಇಟ್ಟುಕೊಂಡೇ ಹುಟ್ಟುತ್ತವೆ, ಅವುಗಳ ಬೆಳ್ಳಿ ಬಣ್ಣ ಬರುವುದೇ ಅದರಿಂದ. ಆದರೂ ಅವುಗಳಲ್ಲಿ ಈ ಕೂದಲು ನಷ್ಟ ಅಪರೂಪ. ಬ್ಲೂ ಡಾಬರ್‌ಮನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಬರುತ್ತದೆ. ಎರಡು ಸಣ್ಣ ಡಿ ಇಲ್ಲದೆ ಈ ಕಾಯಿಲೆ ಬರುವುದಿಲ್ಲ, ಆದರೆ ಅವು ಇದ್ದ ಮಾತ್ರಕ್ಕೆ ಬರಲೇಬೇಕು ಅಂತಲೂ ಇಲ್ಲ. ಜೊತೆಗೆ ಇನ್ನೇನೋ ಸೇರಬೇಕು. ಅದು ಏನು ಅಂತ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ಬ್ಲೂ ಮರಿ ಕೈಗೆ ಸಿಕ್ಕಾಗ ಇದು ಬೋಳಾಗುತ್ತದೋ ಇಲ್ಲವೋ ಅಂತ ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಬಣ್ಣ ತುಂಬಾ ತಿಳಿಯಾದಷ್ಟೂ ಬೇಗ ಶುರುವಾಗುತ್ತದೆ, ಕಡುಬೂದು ನಾಯಿಗಳಲ್ಲಿ ಎರಡು ಮೂರು ವರ್ಷದವರೆಗೂ ಏನೂ ಕಾಣದೇ ಇರಬಹುದು ಅನ್ನುವುದಷ್ಟೇ ಗೊತ್ತು.

ಇನ್ನೊಂದು ಮಾತು. ಬ್ಲೂ ಮರ್ಲ್ ಅಂತ ಕರೆಯುವ ಮಚ್ಚೆ ಮಚ್ಚೆ ಬಣ್ಣಕ್ಕೆ ಬೇರೆಯೇ ಜೀನ್ ಕಾರಣ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಸಿಲ್ವರ್ ಲ್ಯಾಬ್ರಡಾರ್, ಬ್ಲೂ ಫ್ರೆಂಚ್ ಬುಲ್‌ಡಾಗ್ ಮುಂತಾದವು ಇದೇ ಸಾಲಿಗೆ ಸೇರುತ್ತವೆ.

ಚಿಕಿತ್ಸೆ

ಗುಣ ಮಾಡುವ ಔಷಧಿ ಇಲ್ಲ. ಇದನ್ನು ಮೊದಲ ದಿನವೇ ಹೇಳಿದೆ. ಬೇಡದ ಔಷಧಿ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಸ್ಟೆರಾಯ್ಡ್ ನಿಲ್ಲಿಸಿದೆ, ಅದು ಚರ್ಮವನ್ನು ಇನ್ನೂ ತೆಳು ಮಾಡುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಬ್ಯಾಕ್ಟೀರಿಯಾ ಸೋಂಕಿಗೆ ನಾಲ್ಕು ವಾರ ಸೆಫಲೆಕ್ಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟೆ. ವಾರಕ್ಕೆ ಎರಡು ಸಲ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ನೊರೆ ಬಂದಮೇಲೆ ಹತ್ತು ನಿಮಿಷ ಹಾಗೇ ಬಿಡಬೇಕು, ಸುಮ್ನೆ ಹಚ್ಚಿ ತೊಳೆದರೆ ಉಪಯೋಗ ಇಲ್ಲ. ಗುಳ್ಳೆ ಹೋದಮೇಲೆ ವಾರಕ್ಕೊಮ್ಮೆ ಚರ್ಮ ಒಣಗಿಸದ ಶಾಂಪೂ ಸಾಕು ಅಂದೆ.

ಬ್ರಷ್ ಮನೆಯಲ್ಲೇ ಬೇಡ. ಕೂದಲು ಮುರಿಯುವುದೇ ಕಾಯಿಲೆ ಆಗಿರುವಾಗ ಗಟ್ಟಿಯಾಗಿ ಬಾಚಿದರೆ ಇನ್ನೂ ಮುರಿಯುತ್ತದೆ. ಒದ್ದೆ ಮೈಯನ್ನು ಟವೆಲ್ಲಿನಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಮೀನೆಣ್ಣೆಯ ಒಮೆಗಾ-3 ಶುರು ಮಾಡಿದೆವು, ಹೊಟ್ಟು ಕಡಿಮೆ ಆಯಿತು. ಮೆಲಟೋನಿನ್ ಅನ್ನುವ ಹಾರ್ಮೋನು ಕೆಲವು ನಾಯಿಗಳಲ್ಲಿ ಸ್ವಲ್ಪ ಕೂದಲು ತರಿಸುತ್ತದೆ, ಎಲ್ಲದರಲ್ಲೂ ಅಲ್ಲ. ಮೂರು ತಿಂಗಳು ಕೊಟ್ಟು ನೋಡೋಣ ಅಂದುಕೊಂಡೆವು. ಮನುಷ್ಯರಿಗೆ ಮಾರುವ ಮೆಲಟೋನಿನ್ ಗಮ್ಮಿಗಳಲ್ಲಿ ಕೆಲವಕ್ಕೆ ಸಿಹಿಗೆ ಅಂತ ಕ್ಸೈಲಿಟಾಲ್ ಹಾಕಿರುತ್ತಾರೆ, ಅದು ನಾಯಿಗೆ ವಿಷ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಕೊಡಬೇಡಿ.

ನಮ್ಮ ಊರಿನ ಬಿಸಿಲು ನಿಮಗೆ ಗೊತ್ತಲ್ವಾ. ಏಪ್ರಿಲ್‌ನಲ್ಲಿ ಬೋಳು ಬೆನ್ನು ಸುಟ್ಟು ಸಿಪ್ಪೆ ಏಳುತ್ತದೆ. ಮಗಳು ಅಪ್ಪನ ಹಳೇ ಹತ್ತಿ ಬನಿಯನ್ ಕತ್ತರಿಸಿ ರಾಣಿಗೆ ಅಂಗಿ ಹೊಲಿದಳು. ಅಂಗಡಿಯ ಕೋಟಿಗಿಂತ ಅದೇ ಚೆನ್ನಾಗಿ ಕೂತಿತು, ಗಾಳಿಯೂ ಆಡುತ್ತಿತ್ತು.

ನಾಲ್ಕು ವಾರಕ್ಕೆ ಗುಳ್ಳೆ ಮತ್ತು ಕೆರೆತ ಹೋಯಿತು. ರಾಣಿ ರಾತ್ರಿ ನಿದ್ದೆ ಮಾಡಲು ಶುರು ಮಾಡಿದಳು. ಮೆಲಟೋನಿನ್‌ಗೆ ಕುತ್ತಿಗೆಯ ಮೇಲೆ ಸ್ವಲ್ಪ ಕೂದಲು ಬಂತು, ಬೆನ್ನಿಗೆ ಬರಲಿಲ್ಲ. ಅದನ್ನು ನಿಲ್ಲಿಸಿದೆವು. ಈಗ ಅವಳಿಗೆ ಎರಡೂವರೆ ವರ್ಷ. ಬೆನ್ನು, ಪಕ್ಕೆ ಹೆಚ್ಚುಕಡಿಮೆ ಬೋಳು. ಮಳೆಗಾಲದಲ್ಲಿ ಗುಳ್ಳೆ ಮತ್ತೆ ಬಂದಿತ್ತು, ಶಾಂಪೂವಿನಲ್ಲೇ ಹತೋಟಿಗೆ ಬಂತು. ಓಡುವುದರಲ್ಲಿ, ತಿನ್ನುವುದರಲ್ಲಿ ಯಾವ ಡಾಬರ್‌ಮನ್‌ಗೂ ಕಡಿಮೆ ಇಲ್ಲ. ಅವಳ ಜೊತೆ ಹುಟ್ಟಿದ ಬ್ಲೂ ತಮ್ಮ ಹರಿಹರದಲ್ಲಿದ್ದಾನೆ. ಬಣ್ಣ ಸ್ವಲ್ಪ ಕಡುವು, ಮೈತುಂಬ ಕೂದಲಿದೆ. ಅದೇ ಅಪ್ಪ, ಅದೇ ಅಮ್ಮ, ಅದೇ ಎರಡು ಸಣ್ಣ ಡಿ.

ಮರಿ ಹಾಕಿಸುವ ಮಾತು

ರಾಣಿ ಮೊದಲ ಸಲ ಹೀಟಿಗೆ ಬಂದಾಗ ಮರಿ ಮಾರಿದವರು ಮೇಷ್ಟ್ರಿಗೆ ಫೋನ್ ಮಾಡಿದ್ದರಂತೆ. "ನಮ್ಮ ಹತ್ರ ಬ್ಲೂ ಗಂಡು ಇದೆ, ಕ್ರಾಸ್ ಮಾಡ್ಸೋಣ. ಮರಿ ಎಲ್ಲಾ ಬ್ಲೂನೇ ಬರ್ತಾವೆ, ಒಳ್ಳೆ ರೇಟು ಸಿಗುತ್ತೆ." ರಾಣಿಯನ್ನು ಮಾರಿದ್ದೂ ಅಪರೂಪದ ಬಣ್ಣ ಅಂತ ಕಪ್ಪು ಮರಿಗಿಂತ ಜಾಸ್ತಿ ದುಡ್ಡಿಗೆ. ಕೂದಲಿನ ವಿಷಯ ಆಗ ಯಾರೂ ಹೇಳಿರಲಿಲ್ಲ.

ಅವರ ಲೆಕ್ಕ ಸರಿ. ಬ್ಲೂಗೆ ಬ್ಲೂ ಸೇರಿಸಿದರೆ ಎಲ್ಲ ಮರಿಯೂ ಬ್ಲೂ. ಹುಟ್ಟುವ ಎಂಟಕ್ಕೆ ಎಂಟೂ ಈ ಕಾಯಿಲೆಯ ಬಾಗಿಲಲ್ಲೇ ನಿಂತಿರುತ್ತವೆ, ಅದೂ ಆಗಲೇ ಬೋಳಾದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ. ನಾನು ಸುತ್ತಿ ಬಳಸಿ ಹೇಳಲಿಲ್ಲ. ಈ ನಾಯಿಯಿಂದ ಮರಿ ತೆಗೆಯಬಾರದು, ಡಾಬರ್‌ಮನ್‌ನಲ್ಲಿ ಬಣ್ಣಕ್ಕೋಸ್ಕರ ಬ್ಲೂಗೆ ಬ್ಲೂ ಸೇರಿಸುವುದು ತಪ್ಪು ಅಂದೆ. ಅಮೆರಿಕದ ಕೆನೆಲ್ ಕ್ಲಬ್ ಆದ ಎಕೆಸಿಯ ತಳಿ ಮಾನದಂಡದಲ್ಲಿ ಬ್ಲೂ ಮತ್ತು ಇಸಬೆಲ್ಲಾ ಡಾಬರ್‌ಮನ್‌ಗೆ ಜಾಗ ಇದೆ. ಹಲವು ದೇಶಗಳ ಕೆನೆಲ್ ಕ್ಲಬ್‌ಗಳ ಒಕ್ಕೂಟವಾದ ಎಫ್‌ಸಿಐ ಮಾನದಂಡದಲ್ಲಿ ಕಪ್ಪು ಮತ್ತು ಕಂದು ಎರಡೇ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಬ್ಲೂ ನಾಯಿ ಕೀಳು ಅಂತ ಅಲ್ಲ. ಬೆಲೆ ಕಟ್ಟಿದ ಕೂಡಲೇ ಆ ಬಣ್ಣವನ್ನು ಹುಡುಕಿಕೊಂಡು ಹೋಗಿ ಹುಟ್ಟಿಸುತ್ತಾರೆ, ಅದಕ್ಕೆ.

ಮೇಷ್ಟ್ರು ಒಪ್ಪಿದರು. ರಕ್ತ ಹೆಪ್ಪುಗಟ್ಟುವುದನ್ನು ಮತ್ತೊಮ್ಮೆ ನೋಡಿಕೊಂಡು ರಾಣಿಗೆ ಸಂತಾನಹರಣ ಆಪರೇಷನ್ ಮಾಡಿದೆ. ಆಮೇಲೆ ಅವರು ಒಂದು ಕೆಲಸ ಮಾಡಿದರು, ಅದನ್ನು ನಾನು ಕೇಳಿಕೊಂಡಿರಲಿಲ್ಲ. ಅದೇ ಸೂಲಿನ ಕಪ್ಪು ಮರಿಗಳನ್ನು ತೆಗೆದುಕೊಂಡವರ ನಂಬರ್ ಹುಡುಕಿ, ತಮ್ಮ ನಾಲ್ಕು ಮನೆಯ ಚಿತ್ರದ ಫೋಟೋ ಕಳಿಸಿದರು. ಇಬ್ಬರು ಉತ್ತರವೇ ಕೊಡಲಿಲ್ಲ. ಒಬ್ಬರು ತಮ್ಮ ಕಪ್ಪು ಗಂಡು ನಾಯಿಗೆ ಪರೀಕ್ಷೆ ಮಾಡಿಸಿದರು. ಒಂದು ದೊಡ್ಡ ಡಿ, ಒಂದು ಸಣ್ಣ ಡಿ ಅಂತ ಬಂತು. ಅವರು ಅದಕ್ಕೆ ಜೋಡಿಯಾಗಿ ಒಂದು ಹೆಣ್ಣು ನೋಡಿದ್ದರು. ಜೋಡಿ ಮಾಡುವ ಮುಂಚೆ ಆ ಹೆಣ್ಣಿನ ಕೆನ್ನೆಯ ಸ್ಯಾಂಪಲ್ ಕಳಿಸಿ ಅಂದೆ, ಕಳಿಸಿದರು. ಅವಳದು ಎರಡೂ ದೊಡ್ಡ ಡಿ. ಈ ಜೋಡಿಗೆ ಬ್ಲೂ ಮರಿ ಹುಟ್ಟುವುದಿಲ್ಲ. ಆದರೆ ಪ್ರತಿ ಮರಿಗೂ ಸಣ್ಣ ಡಿ ಬರುವ ಸಾಧ್ಯತೆ ಅರ್ಧಕ್ಕರ್ಧ ಇದೆ. ಹಾಗಾಗಿ ಮರಿಗಳ ಲಸಿಕೆ ಕಾರ್ಡಿನಲ್ಲೇ ಒಂದು ಸಾಲು ಬರೆದುಕೊಡುವುದು ಅಂತ ಮಾತಾಗಿದೆ: ತಂದೆಯಲ್ಲಿ ಬ್ಲೂ ಜೀನ್ ಇದೆ, ಮರಿ ಹಾಕಿಸುವ ಮುಂಚೆ ಪರೀಕ್ಷೆ ಮಾಡಿಸಿ.